ಅಡುಗೆಮನೆಯಲ್ಲೊಂದು ಹಾಸಿಗೆ



ವಾರ್ಷಿಕ ಸಂಚಿಕೆಗೆ ಯಾರಾದರೂ ದೊಡ್ಡವರ ಜೀವನದ ಬಗ್ಗೆ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ, ಬಸವಣ್ಣನವರ ಬಗ್ಗೆಯೋ ವಿಶ್ವೇಶ್ವರಯ್ಯನವರ ಬಗ್ಗೆಯೋ ಬರೀತೀನಿ ಅಂತ ಅವರು ಅಂದುಕೊಂಡಿರಬೇಕು. ಆ ಮಹನೀಯರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ವೇದಿಕೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಮಸ್ಕತ್ತಿನಲ್ಲಿ 16 ವರ್ಷದಿಂದ ವೆಲ್ಡಿಂಗ್ ಮಾಡುವವನು. ಬರೆಯುವುದು ನನ್ನ ಕಸುಬಲ್ಲ. ನಾನು ಬರೆಯಲು ಹೊರಟಿರುವುದು ಇಟಲಿಯ ಒಬ್ಬ ಪಾದ್ರಿಯ ಬಗ್ಗೆ. ಅವರು ತೀರಿಕೊಂಡೇ 130 ವರ್ಷದ ಮೇಲಾಯಿತು. ಹೆಸರು ಜೊವಾನ್ನಿ ಬಾಸ್ಕೊ. ಇಟಲಿಯಲ್ಲಿ ಪಾದ್ರಿಗಳನ್ನು ಗೌರವದಿಂದ ಡಾನ್ ಅಂತ ಕರೀತಾರೆ, ಹಾಗಾಗಿ ಡಾನ್ ಬಾಸ್ಕೊ. ಸಿನಿಮಾದ ಡಾನ್ ಅಲ್ಲ.

ನಾನು ಕ್ರೈಸ್ತನಲ್ಲ, ಧರ್ಮದ ಪ್ರಚಾರಕ್ಕೂ ಬಂದಿಲ್ಲ. ಬರೆಯಲು ಎರಡು ಕಾರಣ ಇವೆ. ಒಂದನ್ನು ಈಗಲೇ ಹೇಳ್ತೀನಿ, ಇನ್ನೊಂದನ್ನು ಕೊನೆಗೆ.

ಗೋಡೆಯ ಮೇಲಿನ ಫೋಟೋ

ನಾನು 13ನೇ ವಯಸ್ಸಿನಲ್ಲಿ ರಾಣೆಬೆನ್ನೂರಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಬೆಂಗಳೂರಿಗೆ ಓಡಿಬಂದವನು. ಮನೆಯಲ್ಲಿ ಯಾಕೆ ಇರಲಾಗಲಿಲ್ಲ ಅನ್ನೋದು ದೊಡ್ಡ ಕತೆ, ಈಗ ಬೇಡ. ಎರಡು ತಿಂಗಳು ಪ್ಲಾಟ್‌ಫಾರ್ಮಿನ ಮೇಲೆ ಮಲಗಿದೆ, ಖಾಲಿ ನೀರಿನ ಬಾಟಲಿ ಆಯ್ದು ಮಾರಿದೆ. ದಿನಾ ಸಂಜೆ ಒಬ್ಬ ಅಣ್ಣ ಬಂದು ನಮ್ಮ ಹುಡುಗರ ಜೊತೆ ನೆಲದ ಮೇಲೆ ಕೂರುತ್ತಿದ್ದ. ಊರು ಯಾವುದು, ಯಾಕೆ ಬಂದೆ ಅಂತ ಮೊದಲ ವಾರ ಒಂದು ಮಾತೂ ಕೇಳಲಿಲ್ಲ. ನಮ್ಮಲ್ಲಿ ಕೇರಂ ಬೋರ್ಡ್ ಇದೆ, ಸ್ನಾನಕ್ಕೆ ನೀರಿದೆ, ಮನಸ್ಸಿದ್ದರೆ ಬಾ ಅಂತ ಅಷ್ಟೇ ಹೇಳುತ್ತಿದ್ದ. ಒಂದು ಮಳೆಯ ರಾತ್ರಿ ಹೋದೆ. ಊಟ ಹಾಕಿದರು, ಚಾಪೆ ಕೊಟ್ಟರು, ಹೊಸ ಕಂಬಳಿ ಕೊಟ್ಟರು.

ಮೂರನೇ ದಿನ ಬೆಳಗಿನ ಜಾವ ಆ ಕಂಬಳಿ ಎತ್ತಿಕೊಂಡು ಓಡಿಹೋದೆ. ಮೆಜೆಸ್ಟಿಕ್ಕಿನಲ್ಲಿ 40 ರೂಪಾಯಿಗೆ ಮಾರಿದೆ. ಹತ್ತು ದಿನದ ಮೇಲೆ ಜ್ವರ ಬಂದು ನಡೆಯಲಾರದೆ ಅಲ್ಲಿಗೇ ವಾಪಸ್ ಹೋದಾಗ, ಆ ಅಣ್ಣ ಕಂಬಳಿ ಎಲ್ಲಿ ಅಂತ ಕೇಳಲಿಲ್ಲ. ಇನ್ನೊಂದು ಕೊಟ್ಟ. ಅಲ್ಲೇ ಇದ್ದು ವೆಲ್ಡಿಂಗ್ ಕಲಿತೆ, ಕೆಲಸ ಹಿಡಿದೆ, ಕೊನೆಗೆ ಈ ದೇಶಕ್ಕೆ ಬಂದೆ.

ಆ ಮನೆಯ ಗೋಡೆಯ ಮೇಲೆ ಕಪ್ಪು ನಿಲುವಂಗಿಯ, ಗುಂಗುರು ಕೂದಲಿನ, ನಗುಮುಖದ ಒಬ್ಬರ ಫೋಟೋ ಇತ್ತು. ನಾಲ್ಕು ವರ್ಷ ಆ ಫೋಟೋದ ಕೆಳಗೆ ಉಂಡು ಮಲಗಿದರೂ ಅವರು ಯಾರು ಅಂತ ಕೇಳಬೇಕು ಅನಿಸಲಿಲ್ಲ. ಯಾರೋ ಸ್ವಾಮಿಗಳಿರಬೇಕು ಅಂದುಕೊಂಡಿದ್ದೆ. ಮಸ್ಕತ್ತಿಗೆ ಬಂದ ಮೇಲೆ ನಮ್ಮ ಕ್ಯಾಂಪಿನ ಒಬ್ಬ ಮಂಗಳೂರಿನ ಗೆಳೆಯನ ಹತ್ತಿರ ಅದೇ ಮುಖವಿದ್ದ ಪುಸ್ತಕ ಸಿಕ್ಕಿತು. ಒಂದು ಶುಕ್ರವಾರ ಪೂರ್ತಿ ಕೂತು ಓದಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ಓದಿದಷ್ಟೂ ಇದು ಪಾದ್ರಿಯ ಕತೆಗಿಂತ ಹೆಚ್ಚಾಗಿ ನಮ್ಮಂಥ ಕೂಲಿಯವರ ಕತೆ ಅನಿಸಿತು.

ಮನೆ ಬಿಟ್ಟ ಹುಡುಗ

1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಅನ್ನುವ ನಾಲ್ಕು ಮನೆಯ ಹಳ್ಳಿಯಲ್ಲಿ ಬಾಸ್ಕೊ ಹುಟ್ಟಿದರು. ರೈತಾಪಿ ಮನೆತನ. ಎರಡು ವರ್ಷ ತುಂಬುವ ಮೊದಲೇ ತಂದೆ ಜ್ವರದಿಂದ ತೀರಿಕೊಂಡರು. ತಾಯಿ ಮಾರ್ಗರೀಟಾ ಓದು ಬರಹ ತಿಳಿಯದ ಹೆಂಗಸು. ಮೂವರು ಗಂಡುಮಕ್ಕಳು, ಅದರಲ್ಲಿ ದೊಡ್ಡವನು ಅಂತೋನಿಯೊ ಗಂಡನ ಮೊದಲ ಹೆಂಡತಿಯ ಮಗ. ಬಾಸ್ಕೊಗೆ ಓದುವ ಹುಚ್ಚು. ಗುದ್ದಲಿ ಹಿಡಿಯುವ ಕೈಗೆ ಪುಸ್ತಕ ಯಾಕೆ ಅನ್ನೋದು ಅಂತೋನಿಯೊನ ವಾದ. ದಿನಾ ಜಗಳ, ಕೆಲವೊಮ್ಮೆ ಹೊಡೆತ. ಕೊನೆಗೆ ತಾಯಿಯೇ, ಮನೆ ಒಡೆಯುವುದಕ್ಕಿಂತ ಇದೇ ಮೇಲು ಅಂತ, 12 ವರ್ಷದ ಮಗನಿಗೆ ಒಂದು ಗಂಟು ಕಟ್ಟಿಕೊಟ್ಟು ಎಲ್ಲಾದರೂ ಜೀತಕ್ಕೆ ಸೇರಿಕೋ ಅಂತ ಕಳಿಸಿಬಿಟ್ಟಳು. ಚಳಿಗಾಲದಲ್ಲಿ ಮನೆಯಿಂದ ಮನೆಗೆ ಅಲೆದು, ಮೋಲ್ಯಾ ಅನ್ನುವವರ ಹೊಲಮನೆಯಲ್ಲಿ ದನ ಕಾಯುವ ಕೆಲಸ ಸಿಕ್ಕಿತು. ಅಲ್ಲಿ ಎರಡು ವರ್ಷದ ಹತ್ತಿರ ದುಡಿದರು.

ಈ ಭಾಗ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಆಮೇಲೆ ಸುತ್ತಲಿನ ಪೇಟೆಗಳಲ್ಲಿ ಓದು. ಊಟ ವಸತಿಗೆ ದುಡ್ಡಿಲ್ಲ. ದರ್ಜಿಯ ಹತ್ತಿರ ಹೊಲಿಗೆ ಕಲಿತರು, ಕಮ್ಮಾರನ ಹತ್ತಿರ ಸುತ್ತಿಗೆ ಹಿಡಿದರು, ಒಂದು ಕಾಫಿ ಅಂಗಡಿಯಲ್ಲಿ ಮಾಣಿಯಾಗಿ ದುಡಿದು ಅಲ್ಲೇ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಮಲಗಿದರು. ಚಿಕ್ಕವರಿದ್ದಾಗಲೇ ಜಾತ್ರೆಯಲ್ಲಿ ದೊಂಬರಾಟದವರನ್ನು ನೋಡಿ ಹಗ್ಗದ ಮೇಲೆ ನಡೆಯುವುದು, ಕೈಚಳಕ ಎಲ್ಲ ಕಲಿತಿದ್ದರು. ಇಷ್ಟೆಲ್ಲ ಕಸುಬು ಗೊತ್ತಿದ್ದ ಮನುಷ್ಯ 1841ರ ಜೂನ್ 5ರಂದು ಟುರಿನ್ ನಗರದಲ್ಲಿ ಪಾದ್ರಿಯಾದರು.

ಟುರಿನ್ ಅಂದರೆ ಆವತ್ತಿನ ದುಬೈ

ಆ ಕಾಲದ ಟುರಿನ್ ಹೇಗಿತ್ತು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಊರು ಬೆಳೆಯುತ್ತಿತ್ತು, ಎಲ್ಲಿ ನೋಡಿದರೂ ಕಟ್ಟಡದ ಕೆಲಸ. ಬೆಟ್ಟದ ಹಳ್ಳಿಗಳಿಂದ 10, 12 ವರ್ಷದ ಹುಡುಗರು ಕೂಡ ಕೂಲಿ ಹುಡುಕಿಕೊಂಡು ಬರುತ್ತಿದ್ದರು. ಗಾರೆ ಹೊತ್ತು ಏಣಿ ಹತ್ತುವುದು, ಇಟ್ಟಿಗೆ ಸಾಗಿಸುವುದು, ಹೊಗೆಗೂಡು ಒರೆಸುವುದು, ಇಂಥ ಕೆಲಸ. ಸಂತೆಪೇಟೆಯಲ್ಲಿ ಬೆಳಿಗ್ಗೆ ಎದ್ದು ನಿಂತರೆ ಯಾರಾದರೂ ಕರೆದುಕೊಂಡು ಹೋಗಬೇಕು. ಚಳಿಗಾಲ ಬಂದರೆ ಕೆಲಸ ನಿಂತಿತು. ಮಲಗಲು ಸೂರಿಲ್ಲ. ಹಸಿದವನು ಕದ್ದ, ಸಿಕ್ಕಿಬಿದ್ದ, ಜೈಲಿಗೆ ಹೋದ.

ಬಾಸ್ಕೊ ಅವರನ್ನು ಅವರ ಗುರು ಕಫಾಸ್ಸೊ ಅನ್ನುವವರು ಜೈಲುಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ 12ರಿಂದ 18 ವರ್ಷದ ಗಟ್ಟಿಮುಟ್ಟಾದ ಹುಡುಗರು ತಿಗಣೆ, ಹೇನಿನ ನಡುವೆ ಕೊಳೆಯುತ್ತಿದ್ದರು. ಬಿಡುಗಡೆಯಾಗಿ ಹೋದವರು ಕೆಲವೇ ದಿನದಲ್ಲಿ ಮತ್ತೆ ಒಳಗೆ. ಯಾಕೆ ಹೀಗೆ ಅಂತ ನೋಡಿದಾಗ ಅವರಿಗೆ ಹೊಳೆದದ್ದು ಸಣ್ಣ ವಿಷಯ. ಹೊರಗೆ ಹೋದ ಹುಡುಗನಿಗೆ ಹೋಗಲು ಜಾಗ ಇರಲಿಲ್ಲ, ನಿನ್ನೆ ಎಲ್ಲಿದ್ದೆ ಅಂತ ಕೇಳುವ ಒಬ್ಬ ಮನುಷ್ಯ ಇರಲಿಲ್ಲ.

1841ರ ಡಿಸೆಂಬರ್ 8. ಚಳಿಗೆ ಚರ್ಚಿನ ಒಳಕೋಣೆಗೆ ಬಂದು ನಿಂತಿದ್ದ ಒಬ್ಬ ಹುಡುಗನಿಗೆ, ಪೂಜೆಗೆ ಕೈಜೋಡಿಸಲು ಬರುವುದಿಲ್ಲ ಅಂತ, ಅಲ್ಲಿನ ಚಾಕರಿಯವನು ಕೋಲಿನಿಂದ ಬಾರಿಸಿ ಓಡಿಸಿದ. ಬಾಸ್ಕೊ ಅದನ್ನು ನೋಡಿ, ಅವನು ನನ್ನ ಗೆಳೆಯ, ಕರೆದುಕೊಂಡು ಬಾ ಅಂದರು. ಹುಡುಗ ಹೆದರಿಕೊಂಡೇ ಬಂದ. ಹೆಸರು ಬಾರ್ತೊಲೊಮೆಯೊ ಗರೆಲ್ಲಿ, 16 ವರ್ಷ, ಆಸ್ತಿ ಅನ್ನುವ ಊರಿನವನು, ಗಾರೆ ಕೆಲಸ, ಅಪ್ಪ ಅಮ್ಮ ಇಬ್ಬರೂ ಇಲ್ಲ. ಓದಲು ಬರುತ್ತಾ? ಇಲ್ಲ. ಬರೆಯಲು? ಇಲ್ಲ. ಹಾಡಲು? ಇಲ್ಲ. ಸಿಳ್ಳೆ ಹೊಡೆಯಲು ಬರುತ್ತಾ ಅಂತ ಕೇಳಿದಾಗ ಹುಡುಗ ನಕ್ಕುಬಿಟ್ಟ. ಮುಂದಿನ ವಾರ ಜೊತೆಗಾರರನ್ನು ಕರೆದುಕೊಂಡು ಬಂದ. ಎಲ್ಲ ಶುರುವಾದದ್ದು ಆ ಸಿಳ್ಳೆಯಿಂದ ಅಂತ ಅವರ ಕಡೆಯವರು ಈಗಲೂ ಹೇಳ್ತಾರೆ.

ಪ್ಲಾಟ್‌ಫಾರ್ಮಿಗೆ ಬಂದ ಆ ಅಣ್ಣ ಯಾಕೆ ಮೊದಲು ಕೇರಂ ವಿಷಯ ತೆಗೆದ ಅಂತ ನನಗೆ ಆಗ ಗೊತ್ತಾಯಿತು.

ಎಲ್ಲೂ ನಿಲ್ಲಗೊಡದ ಐದು ವರ್ಷ

ರಜೆಯ ದಿನ ಆಟ, ಪಾಠ, ಪ್ರಾರ್ಥನೆ, ಹೊಟ್ಟೆಗೆ ಏನಾದರೂ. ವಾರದ ದಿನಗಳಲ್ಲಿ ಬಾಸ್ಕೊ ತಾವೇ ಕಟ್ಟಡದ ಜಾಗಕ್ಕೆ, ಕಾರ್ಖಾನೆಗೆ ಹೋಗಿ ಹುಡುಗರನ್ನು ಮಾತಾಡಿಸಿ ಬರುತ್ತಿದ್ದರು. ಕೆಲಸ ಇಲ್ಲದವನಿಗೆ ಕೆಲಸ ಹುಡುಕುತ್ತಿದ್ದರು. ಗುಂಪು ನೂರಕ್ಕೆ ಏರಿತು, ಇನ್ನೂರು ಮುನ್ನೂರಾಯಿತು. ಅಷ್ಟು ಹುಡುಗರು ಸೇರಿದರೆ ಗಲಾಟೆ ಆಗದೆ ಇರುತ್ತದೆಯೇ? ಅಕ್ಕಪಕ್ಕದವರು ದೂರು ಕೊಟ್ಟರು. ಒಂದು ಚರ್ಚಿನಿಂದ ಹಿಟ್ಟಿನ ಗಿರಣಿಯ ಹತ್ತಿರಕ್ಕೆ, ಅಲ್ಲಿಂದ ಬಾಡಿಗೆ ಕೋಣೆಗಳಿಗೆ, ಅಲ್ಲಿಂದ ಬಯಲಿಗೆ. ಬಯಲಿನ ಮಾಲೀಕರೂ ಹುಲ್ಲೆಲ್ಲ ಹಾಳಾಯಿತು ಅಂತ ಬಿಡಿಸಿದರು. ಇಷ್ಟೊಂದು ಕೂಲಿ ಹುಡುಗರು ಒಂದೇ ಕಡೆ ಸೇರುವುದು ಅಪಾಯ ಅಂತ ನಗರದ ಅಧಿಕಾರಿಗಳಿಗೂ ಅನುಮಾನ. ಶುಕ್ರವಾರ ಸಂಜೆ ನಾವು ಹತ್ತು ಜನ ಪಾರ್ಕಿನಲ್ಲಿ ಗುಂಪಾಗಿ ಕೂತರೆ ದಾರಿಹೋಕರು ನೋಡುವ ನೋಟ ಇದೆಯಲ್ಲ, ಅದೇ.

ಬಾಸ್ಕೊಗೆ ತಲೆ ಕೆಟ್ಟಿದೆ ಅಂತಲೂ ಜನ ಆಡಿಕೊಂಡರು. ಇಬ್ಬರು ಪಾದ್ರಿಗಳು ಗಾಡಿ ತಂದು, ಹವಾ ತಿನ್ನೋಣ ಬನ್ನಿ ಅಂತ ಕರೆದರು. ಹುಚ್ಚಾಸ್ಪತ್ರೆಗೆ ಒಯ್ಯುವ ಹಂಚಿಕೆ ಅಂತ ಇವರಿಗೆ ತಿಳಿದುಹೋಯಿತು. ಹಿರಿಯರು ಮೊದಲು ಹತ್ತಬೇಕು ಅಂತ ವಿನಯದಿಂದ ಇಬ್ಬರನ್ನೂ ಹತ್ತಿಸಿ, ಬಾಗಿಲು ಹಾಕಿ, ಬೇಗ ಹುಚ್ಚಾಸ್ಪತ್ರೆಗೆ ಹೊಡಿ ಅಂತ ಗಾಡಿಯವನಿಗೆ ಕೂಗಿ ಹೇಳಿದರು. ಇದನ್ನು ಅವರೇ ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

1846ರ ಏಪ್ರಿಲ್ 12ರಂದು, ಈಸ್ಟರ್ ಹಬ್ಬದ ದಿನ, ವಾಲ್ಡೊಕ್ಕೊ ಅನ್ನುವ ಊರಾಚೆಯ ಜಾಗದಲ್ಲಿ ಪಿನಾರ್ದಿ ಅನ್ನುವವನ ಒಂದು ಶೆಡ್ ಬಾಡಿಗೆಗೆ ಸಿಕ್ಕಿತು. ಮಾಡು ಎಷ್ಟು ತಗ್ಗು ಅಂದರೆ, ತಲೆ ತಾಗದಿರಲಿ ಅಂತ ನೆಲವನ್ನು ಅಗೆದು ಇಳಿಸಬೇಕಾಯಿತು. ಅದೇ ವರ್ಷ ಜುಲೈನಲ್ಲಿ ಬಾಸ್ಕೊ ಹಾಸಿಗೆ ಹಿಡಿದರು, ಬದುಕುವುದಿಲ್ಲ ಅಂತ ವೈದ್ಯರು ಕೈಬಿಟ್ಟರು. ಗಾರೆ ಕೆಲಸದ ಹುಡುಗರು ದಿನವಿಡೀ ದುಡಿದು ಬಂದು ರಾತ್ರಿಯೆಲ್ಲ ಪ್ರಾರ್ಥನೆಗೆ ಕೂತರು, ಕೆಲವರು ಬರೀ ರೊಟ್ಟಿ ನೀರಿನ ವ್ರತ ಹಿಡಿದರು. ಅವರು ಬದುಕಿದರು. ನನ್ನ ಉಳಿದ ಆಯುಷ್ಯ ನಿಮ್ಮದು ಅಂತ ಹುಡುಗರಿಗೆ ಮಾತು ಕೊಟ್ಟರು.

ಮಾರ್ಗರೀಟವ್ವನ ಅಡುಗೆಮನೆ

ಸುಧಾರಿಸಿಕೊಳ್ಳಲು ಊರಿಗೆ ಹೋದವರು ನವೆಂಬರ್ 3ರಂದು ವಾಪಸ್ ಬಂದರು. ಜೊತೆಗೆ ತಾಯಿ. ಆಗ ಆಕೆಗೆ 58 ವರ್ಷ. ಮೊಮ್ಮಕ್ಕಳ ಜೊತೆ ನೆಮ್ಮದಿಯಾಗಿ ಇರಬಹುದಾಗಿದ್ದ ಹೆಂಗಸು ಕೈಯಲ್ಲಿ ಒಂದು ಬುಟ್ಟಿ ಹಿಡಿದು ಮಗನ ಜೊತೆ ಬೆಕ್ಕಿಯಿಂದ ಟುರಿನ್ನಿಗೆ ನಡೆದೇ ಬಂದಳು. ತನ್ನ ಮದುವೆಯ ಬಟ್ಟೆಬರೆಯನ್ನೂ ಆ ಹುಡುಗರ ಮನೆಗೇ ಹಾಕಿದಳು. ನಾನು ಆಕೆಯನ್ನು ಮಾರ್ಗರೀಟವ್ವ ಅಂತಲೇ ಕರೀತೀನಿ.

ಮಲಗಲು ಜಾಗ ಇಲ್ಲದ ಕೆಲವು ಹುಡುಗರಿಗೆ ಮೊದಲು ಹುಲ್ಲಿನ ಅಟ್ಟದಲ್ಲಿ ಮಲಗಲು ಬಿಟ್ಟರು. ಹಾಸಿಗೆ ಬಟ್ಟೆ, ಕಂಬಳಿ ಕೊಟ್ಟರು. ಬೆಳಿಗ್ಗೆ ನೋಡಿದರೆ ಹುಡುಗರೂ ಇಲ್ಲ, ಕಂಬಳಿಯೂ ಇಲ್ಲ. ಹೀಗೆ ಒಂದಲ್ಲ, ಹಲವು ಸಲ ಆಯಿತು. ನನ್ನ 40 ರೂಪಾಯಿಯ ಕಂಬಳಿ ಎಷ್ಟು ಹಳೆಯ ಕತೆ ನೋಡಿ.

ಬೇರೆಯವರಾಗಿದ್ದರೆ ಅಲ್ಲಿಗೇ ಬಾಗಿಲು ಹಾಕುತ್ತಿದ್ದರು. 1847ರ ಮೇ ತಿಂಗಳ ಒಂದು ರಾತ್ರಿ ಜೋರು ಮಳೆ. ಪೂರ್ತಿ ತೊಯ್ದ, 15 ವರ್ಷದ ಒಬ್ಬ ಹುಡುಗ ಬಾಗಿಲು ತಟ್ಟಿದ. ವಾಲ್ಸೇಸಿಯಾ ಅನ್ನುವ ಬೆಟ್ಟದ ಸೀಮೆಯಿಂದ ಗಾರೆ ಕೆಲಸ ಹುಡುಕಿಕೊಂಡು ಬಂದವನು. ಊರು ಬಿಡುವಾಗ ಕೈಯಲ್ಲಿ ಮೂರು ಲೀರಾ ಇತ್ತು, ಅದು ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಒಲೆಯ ಹತ್ತಿರ ಕೂರಿಸಿ ಸೂಪು ರೊಟ್ಟಿ ಕೊಟ್ಟರು. ಎಲ್ಲಿಗೆ ಹೋಗುತ್ತೀ ಅಂದರೆ ಗೊತ್ತಿಲ್ಲ ಅಂತ ಅತ್ತ. ಇವನೂ ಕದ್ದು ಓಡಿಹೋದರೆ ಅನ್ನುವ ಅಳುಕು ತಾಯಿ ಮಗ ಇಬ್ಬರಿಗೂ ಇತ್ತು. ಆದರೂ ಮಾರ್ಗರೀಟವ್ವ ಹುಡುಗನ ಜೊತೆ ಅಂಗಳಕ್ಕೆ ಹೋಗಿ ಇಟ್ಟಿಗೆ ಚೂರು ಆಯ್ದು ತಂದಳು. ಅಡುಗೆಮನೆಯಲ್ಲಿ ನಾಲ್ಕು ಗಿಡ್ಡ ಕಂಬ ಮಾಡಿ, ಮೇಲೆ ಹಲಗೆ ಇಟ್ಟು, ಹುಲ್ಲಿನ ಹಾಸಿಗೆ ಹಾಸಿದಳು. ಮಲಗುವ ಮುಂಚೆ ಅವನಿಗೆ ದುಡಿಮೆ, ನಂಬಿಕೆ, ದೇವರು ಅಂತ ನಾಲ್ಕು ಮಾತು ಹೇಳಿದಳು. ಇವತ್ತಿಗೂ ಅವರ ಮನೆಗಳಲ್ಲಿ ರಾತ್ರಿ ಮಲಗುವ ಮುಂಚೆ ಹಿರಿಯರೊಬ್ಬರು ಮಕ್ಕಳಿಗೆ ಎರಡು ನಿಮಿಷ ಮಾತಾಡುವ ಪದ್ಧತಿ ಇದೆ. ಅದರ ಬೇರು ಈ ಅಡುಗೆಮನೆಯಲ್ಲಿದೆ. ನಮಗೂ ದಿನಾ ಹೇಳುತ್ತಿದ್ದರು. ಅರ್ಧ ನಿದ್ದೆಯಲ್ಲಿ ಕೇಳಿದ್ದೇನೆ.

ಆ ಹುಡುಗ ಏನೂ ಕದಿಯಲಿಲ್ಲ. ಮರುದಿನ ಬಾಸ್ಕೊ ಅವನಿಗೆ ಕೆಲಸ ಹುಡುಕಿಕೊಟ್ಟರು. ಚಳಿಗಾಲದವರೆಗೆ ಇದ್ದ. ಆಮೇಲೆ ಏನಾದ ಅಂತ ಯಾರಿಗೂ ತಿಳಿಯಲಿಲ್ಲ. ಅವನ ಹೆಸರೂ ಇವತ್ತು ಯಾರಿಗೂ ಗೊತ್ತಿಲ್ಲ. ಜಗತ್ತಿನಾದ್ಯಂತ ಹಬ್ಬಿದ ಅಷ್ಟು ದೊಡ್ಡ ಕೆಲಸದ ಮೊದಲನೇ ಹಾಸಿಗೆಯಲ್ಲಿ ಮಲಗಿದವನು ಹೆಸರಿಲ್ಲದ ಒಬ್ಬ ವಲಸೆ ಕೂಲಿ.

ಎರಡನೆಯವನು ಜೂನ್ ತಿಂಗಳಲ್ಲಿ ಸಿಕ್ಕ. ರಸ್ತೆಯ ಬದಿಯ ಮರಕ್ಕೆ ತಲೆ ಆನಿಸಿ ಅಳುತ್ತಿದ್ದ 12 ವರ್ಷದವನು. ತಾಯಿ ಹಿಂದಿನ ದಿನ ಸತ್ತಿದ್ದಳು, ಬಾಡಿಗೆ ಬಾಕಿಗೆ ಮನೆಯೊಡೆಯ ಸಾಮಾನು ಇಟ್ಟುಕೊಂಡು ಹುಡುಗನನ್ನು ಹೊರಗೆ ಹಾಕಿದ್ದ. ಅವನಿಗೂ ಒಂದು ಹಾಸಿಗೆ ಆಯಿತು. ಹೀಗೆ ಒಂದೊಂದೇ ಸೇರಿ ಮುಂದೆ ನೂರಾರು ಆದವು.

ಹುಡುಗರು ಬೆಳಿಗ್ಗೆ ಕೆಲಸಕ್ಕೆ ಹೋಗಿ ಮಧ್ಯಾಹ್ನ ತಟ್ಟೆ ಹಿಡಿದು ಬರುತ್ತಿದ್ದರು. ಮಾರ್ಗರೀಟವ್ವ ಸೂಪು ಹಾಕುತ್ತಿದ್ದಳು. ಅಂಗಳದಲ್ಲಿ ಕಲ್ಲಿನ ಮೇಲೋ ಮರದ ತುಂಡಿನ ಮೇಲೋ ಕೂತು ಊಟ. ರಾತ್ರಿ ಅವರು ಮಲಗಿದ ಮೇಲೆ ಆಕೆ ಹರಿದ ಬಟ್ಟೆಗೆ ತೇಪೆ ಹಾಕುತ್ತಾ ಕೂರುತ್ತಿದ್ದಳು. ಒಮ್ಮೆ ಹುಡುಗರು ಯುದ್ಧದ ಆಟ ಆಡಿ ಆಕೆ ಬೆಳೆಸಿದ್ದ ತರಕಾರಿ ಮಡಿಯನ್ನೆಲ್ಲ ತುಳಿದು ಹಾಕಿದಾಗ ಬೇಸತ್ತು, ನಾನು ಊರಿಗೆ ಹೋಗ್ತೀನಿ ಮಗನೇ ಅಂದಳು. ಬಾಸ್ಕೊ ಏನೂ ಹೇಳದೆ ಗೋಡೆಯ ಮೇಲಿನ ಶಿಲುಬೆಯ ಕಡೆ ಕೈ ತೋರಿಸಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಒಲೆಯ ಹತ್ತಿರ ಹೋದಳು ಅಂತ ನಾನು ನಮ್ಮೂರಿನ ಅವ್ವಂದಿರ ಹಾಗೇ ಕಲ್ಪಿಸಿಕೊಳ್ತೀನಿ. 1856ರ ನವೆಂಬರ್‌ನಲ್ಲಿ ಸಾಯುವವರೆಗೂ ಆಕೆ ಆ ಮನೆ ಬಿಡಲಿಲ್ಲ.

ಹಾಸಿಗೆ ಒಂದೇ ಸಾಲದು

ಬಾಸ್ಕೊ ಅವರ ಬುದ್ಧಿ ನನಗೆ ಹೆಚ್ಚು ಹಿಡಿಸಿದ್ದು ಇಲ್ಲಿಂದ ಮುಂದೆ. ಸೂರು ಕೊಟ್ಟು ಅನ್ನ ಹಾಕಿದರೆ ಹುಡುಗ ಇವತ್ತು ಬದುಕುತ್ತಾನೆ. ನಾಳೆ? ಅದಕ್ಕೆ ರಾತ್ರಿ ಶಾಲೆ ನಡೆಸಿದರು. ಆ ರಾಜ್ಯದಲ್ಲಿ 1850ರಿಂದ ಮೀಟರ್, ಕಿಲೋ ಅಳತೆ ಜಾರಿಗೆ ಬರುವುದಿತ್ತು. ಹೊಸ ಲೆಕ್ಕ ತಿಳಿಯದ ಕೂಲಿಯವನಿಗೆ ಮೋಸ ಆಗುವುದು ಖಂಡಿತ ಅಂತ ತಾವೇ ಅದರ ಮೇಲೆ ಒಂದು ಚಿಕ್ಕ ಪುಸ್ತಕ ಬರೆದರು.

ಇನ್ನೊಂದು, ಕರಾರು. ಇದನ್ನು ಓದಿ ನಾನು ಬೆರಗಾದೆ. 1851ರ ನವೆಂಬರ್‌ನಿಂದ ಅವರು ಹುಡುಗರನ್ನು ಕೆಲಸಕ್ಕೆ ಕಳಿಸುವಾಗ ಯಜಮಾನರ ಜೊತೆ ಕಾಗದದ ಮೇಲೆ ಕರಾರು ಮಾಡಿಸಲು ಶುರುಮಾಡಿದರು. 1852ರ ಫೆಬ್ರವರಿ 8ರದ್ದು ಒಂದು ಇದೆ. ಜುಸೆಪ್ಪೆ ಒದಾಸ್ಸೊ ಅನ್ನುವ ಹುಡುಗ ಬಡಗಿ ಕೆಲಸ ಕಲಿಯಲು ಸೇರಿದ್ದು. ಯಜಮಾನ ಕಸುಬನ್ನು ಸರಿಯಾಗಿ ಕಲಿಸಬೇಕು. ತಪ್ಪು ಮಾಡಿದರೆ ಬಾಯಿಮಾತಿನಲ್ಲಿ ತಿದ್ದಬೇಕು, ಕೈ ಎತ್ತಬಾರದು. ವಯಸ್ಸಿಗೆ ಮೀರಿದ ಕೆಲಸ ಹೇಳಬಾರದು. ಭಾನುವಾರ, ಹಬ್ಬದ ದಿನ ಬಿಡುವು. ವರ್ಷಕ್ಕೆ 15 ದಿನ ರಜೆ. ಕೂಲಿ ಎಷ್ಟು, ಯಾವಾಗ ಏರಬೇಕು ಎಲ್ಲ ಬರೆದಿದೆ. ಯಜಮಾನ, ಹುಡುಗ, ಹುಡುಗನ ತಂದೆ ಮತ್ತು ಬಾಸ್ಕೊ ಸಹಿ ಹಾಕಿದ್ದಾರೆ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿ ವಿಮಾನ ಹತ್ತಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ? ನಮ್ಮ ಪಕ್ಕ ಜಾಮೀನು ನಿಂತು ಸಹಿ ಹಾಕಲು ಯಾರಿದ್ದರು?

ಮೂರನೆಯದು, ಕೂಲಿ ಹುಡುಗರದೇ ಒಂದು ಪರಸ್ಪರ ಸಹಾಯ ಸಂಘ, 1850ರಲ್ಲಿ. ಪ್ರತಿ ಭಾನುವಾರ ಒಬ್ಬೊಬ್ಬರು ಒಂದು ಸೋಲ್ದೊ ಹಾಕಬೇಕು. ಅದು ಅಂದಿನ ಚಿಲ್ಲರೆ ಕಾಸು. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದ ಸದಸ್ಯನಿಗೆ ಅದರಿಂದ ದಿನಕ್ಕೆ 50 ಸೆಂಟೆಸಿಮಿ. ದಾನಿಗಳ ಹಣಕ್ಕೆ ಕಾಯದೆ ಹುಡುಗರೇ ಹುಡುಗರಿಗೆ ಆಗುವ ವ್ಯವಸ್ಥೆ.

ಹೊರಗಿನ ಕಾರ್ಖಾನೆಗಳ ವಾತಾವರಣ ಕೆಟ್ಟದ್ದು ಅನಿಸಿದಾಗ ಮನೆಯಲ್ಲೇ ಕಸುಬಿನ ಶಾಲೆ ತೆರೆದರು. 1853ರಲ್ಲಿ ಚಮ್ಮಾರಿಕೆ ಮತ್ತು ಹೊಲಿಗೆ, 1854ರಲ್ಲಿ ಪುಸ್ತಕ ಕಟ್ಟುವುದು, 1856ರಲ್ಲಿ ಬಡಗಿತನ, 1862ರ ಹೊತ್ತಿಗೆ ಅಚ್ಚುಕೂಟ, ಕಮ್ಮಾರಿಕೆ. ಓದುವ ಕಾಲದಲ್ಲಿ ಹೊಟ್ಟೆಪಾಡಿಗೆ ಕಲಿತ ಕಸುಬು ಈಗ ಕೆಲಸಕ್ಕೆ ಬಂತು. 1854ರಲ್ಲಿ ಟುರಿನ್ನಿಗೆ ಕಾಲರಾ ಬಂದಾಗ, ನಿನ್ನೆಯವರೆಗೆ ಬೀದಿಯಲ್ಲಿದ್ದ ಹುಡುಗರಲ್ಲೇ ಸುಮಾರು 40 ಮಂದಿ ರೋಗಿಗಳ ಸೇವೆಗೆ ಹೋದರು. ಹೊದಿಸಲು ಬಟ್ಟೆ ಸಾಲದೆ ಬಂದು ಕೇಳಿದಾಗ ಮಾರ್ಗರೀಟವ್ವ ಮನೆಯಲ್ಲಿದ್ದದ್ದನ್ನೆಲ್ಲ ಕೊಟ್ಟುಬಿಟ್ಟಳು.

ಎಲ್ಲ ಸುಸೂತ್ರವಾಗಿ ನಡೆಯಿತು ಅಂತಲ್ಲ. ಜೀವಮಾನವಿಡೀ ಸಾಲ. ಲಾಟರಿ ನಡೆಸಿದರು, ಶ್ರೀಮಂತರ ಮನೆಬಾಗಿಲು ಕಾದರು. 1852ರಲ್ಲಿ ಕಟ್ಟುತ್ತಿದ್ದ ಹೊಸ ಕಟ್ಟಡ ಒಂದು ರಾತ್ರಿ ಕುಸಿದುಬಿತ್ತು. ಮೇಲಿನ ಧರ್ಮಾಧಿಕಾರಿಗಳ ಜೊತೆ ವರ್ಷಗಟ್ಟಲೆ ತಿಕ್ಕಾಟ ಆಯಿತು. ಹೆಣ್ಣುಮಕ್ಕಳ ಕಡೆ ಅವರ ಕೆಲಸ ತಿರುಗಿದ್ದು ಬಹಳ ತಡವಾಗಿ, 1872ರಲ್ಲಿ, ಅದೂ ಮರಿಯಾ ಮಜ್ಜರೆಲ್ಲೊ ಅನ್ನುವ ಹಳ್ಳಿಯ ಹೆಂಗಸಿನ ಜೊತೆಗೂಡಿ. ಅವರ ಕಟ್ಟುನಿಟ್ಟಾದ ಧಾರ್ಮಿಕ ದಿನಚರಿ ಇವತ್ತಿನವರಿಗೆ ಹೆಚ್ಚಾಯಿತು ಅನಿಸಬಹುದು. ಆದರೆ ಒಂದು ಮಾತಿನಲ್ಲಿ ಅವರು ಸಡಿಲ ಬಿಡಲಿಲ್ಲ. ತಪ್ಪು ಮಾಡಿದ ಮೇಲೆ ಹೊಡೆಯುವುದಕ್ಕಿಂತ, ತಪ್ಪು ಮಾಡುವ ಸಂದರ್ಭ ಬರದ ಹಾಗೆ ಹುಡುಗನ ಜೊತೆಗಿರುವುದು. ಇದನ್ನೇ 1877ರಲ್ಲಿ ಒಂದು ಚಿಕ್ಕ ಬರಹವಾಗಿ ಬರೆದಿಟ್ಟರು. ತಿಳಿಹೇಳುವುದು, ಧರ್ಮ, ಅಕ್ಕರೆ, ಈ ಮೂರೇ ಅದರ ತಳಪಾಯ.

ಅವರ ಕೈಕೆಳಗೆ ಬೆಳೆದ ಹುಡುಗರೇ ಮುಂದೆ ಅವರ ಜೊತೆಗಾರರಾಗಿ 1859ರ ಡಿಸೆಂಬರ್ 18ರಂದು ಸಲೇಶಿಯನ್ ಸಭೆ ಕಟ್ಟಿದರು. 1875ರಲ್ಲಿ ಮೊದಲ ತಂಡ ಹಡಗು ಹತ್ತಿ ಹೋದದ್ದು ಅರ್ಜೆಂಟೀನಾಕ್ಕೆ. ಅಲ್ಲಿ ಮೊದಲು ನೋಡಿಕೊಂಡದ್ದು ಯಾರನ್ನು? ಬ್ಯೂನಸ್ ಐರಿಸ್‌ನಲ್ಲಿ ದುಡಿಯಲು ಹೋಗಿದ್ದ ಇಟಲಿಯ ವಲಸೆಗಾರರನ್ನು. ನಮ್ಮಂಥವರನ್ನೇ.

1888ರ ಜನವರಿ 31ರ ಬೆಳಗಿನ ಜಾವ ಬಾಸ್ಕೊ ತೀರಿಕೊಂಡರು. 1906ರಲ್ಲಿ ಅವರ ಸಭೆಯವರು ತಂಜಾವೂರಿಗೆ ಬಂದರು. 1980ರಲ್ಲಿ ಬೆಂಗಳೂರಿನಲ್ಲಿ ಬೀದಿ ಮಕ್ಕಳಿಗಾಗಿ ಒಂದು ಕೂಟ ಶುರುವಾಯಿತು. ಬೆಂಗಳೂರು ಓಣಿಯವರ ಸೇವಾ ಕೂಟ ಅಂತ ಅಚ್ಚ ಕನ್ನಡದ ಹೆಸರು. ಅದರ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ ಬಾಸ್ಕೊ ಅಂತಲೇ ಆಗುತ್ತದೆ. ಹೆಸರಿಟ್ಟವರ ಜಾಣ್ಮೆಗೆ ಶರಣು.

ಎರಡನೇ ಕಾರಣ

ಈಗ ಕೊನೆಗೆ ಹೇಳ್ತೀನಿ ಅಂದಿದ್ದ ಮಾತು. ಕಳೆದ ಚಳಿಗಾಲದ ಒಂದು ಶುಕ್ರವಾರ, ನಮ್ಮ ಸಭೆ ಮುಗಿದು ಎಲ್ಲರೂ ಹೊರಡುವಾಗ ಸಿಂಧನೂರಿನ ಕಡೆಯ ಒಬ್ಬ ಹುಡುಗ ನನ್ನ ಹತ್ತಿರ ಬಂದ. 20 ವರ್ಷ ಇರಬಹುದು. ಏಜೆಂಟ್ ಒಬ್ಬ ದುಡ್ಡು ತಗೊಂಡು ವಿಸಿಟ್ ವೀಸಾದಲ್ಲಿ ಕಳಿಸಿದ್ದ. ಇಲ್ಲಿ ಇಳಿದ ಮೇಲೆ ಏಜೆಂಟನ ಫೋನ್ ಸ್ವಿಚ್ ಆಫ್. ನಾಲ್ಕು ದಿನದಿಂದ ಪಾರ್ಕಿನ ಬೆಂಚಿನ ಮೇಲೆ ಮಲಗುತ್ತಿದ್ದ. ಅಣ್ಣಾ, ಎರಡು ದಿನ ಇರಲು ಜಾಗ ಇದೆಯಾ ಅಂತ ಕೇಳಿದ.

ನಮ್ಮ ರೂಮಿನಲ್ಲಿ ಆರು ಮಂಚ. ಅದರಲ್ಲಿ ಒಬ್ಬ ರಜೆಗೆ ಊರಿಗೆ ಹೋಗಿದ್ದ, ಮಂಚ ಖಾಲಿ ಇತ್ತು. ಆದರೆ ಹೊರಗಿನವರನ್ನು ಕ್ಯಾಂಪಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಸಿಕ್ಕಿಬಿದ್ದರೆ ನನ್ನ ಕೆಲಸಕ್ಕೇ ಕುತ್ತು. ರೂಮು ಫುಲ್ ಇದೆ ತಮ್ಮಾ ಅಂದೆ. ಐದು ರಿಯಾಲ್ ಕೊಟ್ಟೆ, ಖುಬ್ಸ್ ಕೊಡಿಸಿದೆ, ಮುಂದಿನ ಶುಕ್ರವಾರ ಬಾ, ಏನಾದರೂ ಮಾಡೋಣ ಅಂದೆ. ಒಳ್ಳೆಯದು ಮಾಡಿದೆ ಅನ್ನುವ ಸಮಾಧಾನದಲ್ಲೇ ಬಸ್ ಹತ್ತಿದೆ. ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಅವನ ನಂಬರ್ ನಾನು ತಗೊಂಡಿರಲಿಲ್ಲ. ಹೆಸರನ್ನೂ ಕೇಳಿರಲಿಲ್ಲ.

ಮಾರ್ಗರೀಟವ್ವನ ಅಡುಗೆಮನೆಯ ಹುಡುಗನ ಹೆಸರು ನಮಗೆ ಗೊತ್ತಿಲ್ಲ, ಆದರೆ ಅವನು ಆ ರಾತ್ರಿ ಬೆಚ್ಚಗೆ ಮಲಗಿದ. ನನ್ನ ಹುಡುಗನ ಹೆಸರೂ ಗೊತ್ತಿಲ್ಲ. ಅವನು ಆ ರಾತ್ರಿ ಎಲ್ಲಿ ಮಲಗಿದ ಅನ್ನೋದೂ ಗೊತ್ತಿಲ್ಲ. ಕಂಬಳಿ ಕದ್ದ ಮೇಲೂ ಬಾಗಿಲು ತೆರೆಸಿಕೊಂಡವನು ನಾನು. ನಾನೇ ಬಾಗಿಲು ಹಾಕಿದೆ.

ಬಂಧುಗಳೇ, ಕಾನೂನು ಮುರಿಯಿರಿ ಅಂತ ನಾನು ಹೇಳುತ್ತಿಲ್ಲ. ಕ್ಯಾಂಪಿನ ನಿಯಮ ನಿಯಮವೇ. ಆದರೆ ಒಬ್ಬೊಬ್ಬರಿಂದ ಆಗದ್ದು ವೇದಿಕೆಯಿಂದ ಆಗಬಹುದು. ಟುರಿನ್ನಿನ ಹುಡುಗರು ವಾರಕ್ಕೊಂದು ಸೋಲ್ದೊ ಹಾಕಿದರು. ನಾವು ವಾರಕ್ಕೆ 100 ಬೈಸಾ, ಒಂದು ಚಹಾದ ದುಡ್ಡು, ಹಾಕಲಾರೆವೇ? ನೂರು ಜನ ಸೇರಿದರೆ ವಾರಕ್ಕೆ 10 ರಿಯಾಲ್. ವೇದಿಕೆಯ ಹೆಸರಿನಲ್ಲಿ ಒಂದೇ ಒಂದು ಬೆಡ್‌ಸ್ಪೇಸ್, ಯಾರಿಗೂ ಖಾಯಂ ಅಲ್ಲ, ತುರ್ತಿಗೆ ಬಂದವರಿಗೆ. ಇಲ್ಲಿ ಹಣ ಸಂಗ್ರಹಿಸಲು ಅನುಮತಿ ಬೇಕು ಅನ್ನೋದು ನನಗೆ ಗೊತ್ತು, ಸರಿಯಾದ ದಾರಿ ಯಾವುದು ಅಂತ ತಿಳಿದ ಹಿರಿಯರು ಹೇಳಬೇಕು. ಕಷ್ಟದಲ್ಲಿರುವ ಭಾರತೀಯರಿಗೆ ತಾತ್ಕಾಲಿಕ ವಸತಿ, ಊಟ ಕೊಡಲು ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಸಮುದಾಯ ಕಲ್ಯಾಣ ನಿಧಿ ಇದೆ. ಅಂಥ ಹುಡುಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಅರ್ಜಿ ಬರೆಸುವ ಇಬ್ಬರು ನಮ್ಮಲ್ಲಿ ಬೇಕು. ಆ ಇಬ್ಬರಲ್ಲಿ ಒಬ್ಬ ನಾನು, ಇನ್ನೊಬ್ಬರು ಮುಂದೆ ಬನ್ನಿ. ಹಾಗೆಯೇ ಊರಿನಲ್ಲಿರುವ ನಿಮ್ಮವರಿಗೆ ಹೇಳಿ. ನಿಲ್ದಾಣದಲ್ಲಿ ಒಬ್ಬಂಟಿ ಮಗು ಕಂಡರೆ 1098ಕ್ಕೆ ಫೋನ್ ಮಾಡಲಿ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ದಯವಿಟ್ಟು ಎಲ್ಲರೂ ಬನ್ನಿ.

ಮತ್ತೆ, ಸಿಂಧನೂರಿನ ತಮ್ಮಾ, ಯಾರ ಕೈಯಿಂದಲಾದರೂ ಈ ಸಂಚಿಕೆ ನಿನಗೆ ಸಿಕ್ಕಿದರೆ, ವೇದಿಕೆಯವರನ್ನು ವಿಚಾರಿಸಿ ನನ್ನ ನಂಬರ್ ತಗೋ. ಈ ಸಲ ಮೊದಲು ನಿನ್ನ ಹೆಸರು ಕೇಳ್ತೀನಿ.